ಬಿಡಿಸಿ ತಂದ ಮೇಲೆ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಎಷ್ಟೋ ಜನ ಎಳೆತನದಲ್ಲೇ ಊರಿನವರೊಬ್ಬರ ಬೆನ್ನು ಹಿಡಿದು ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಅಲ್ಲಿಯ ಮೇಜಿನ ಮೇಲೆಯೇ ಮಲಗಿದವರು. ಕರೆತಂದವನು ಒಳ್ಳೆಯವನಾಗಿದ್ದ, ನಾವು ಉಳಿದೆವು. ಅವನು ಕೆಟ್ಟವನಾಗಿದ್ದರೆ?

ಕೆಲಸ ಕೊಡಿಸುತ್ತೇನೆ, ಮದುವೆ ಮಾಡಿಸುತ್ತೇನೆ ಎಂದು ನಂಬಿಸಿ ಹೆಣ್ಣುಮಕ್ಕಳನ್ನೂ ಎಳೆಯರನ್ನೂ ಸಾಗಿಸುವ ದಂಧೆ ದೂರದ ದೇಶದ್ದಲ್ಲ. ದಿಲ್ಲಿಯ ಹಳಿಯೂ ಅಹಮದಾಬಾದಿನ ಹಳಿಯೂ ವಡೋದರಾದಲ್ಲಿ, ಅಂದರೆ ನಮ್ಮ ಹಿರಿಯರ ಬರೋಡಾದಲ್ಲಿ ಕೂಡಿ, ಸೂರತ್ ದಾಟಿ ನಮ್ಮ ಬಾಗಿಲಿಗೇ ಬರುತ್ತವೆ. ಪೊಲೀಸರು ಒಬ್ಬ ಹುಡುಗಿಯನ್ನು ಬಿಡಿಸಿದರೆಂದು ಓದಿ ನಾವು ಸಮಾಧಾನಪಡುತ್ತೇವೆ. ಆ ರಾತ್ರಿ ಅವಳು ಎಲ್ಲಿ ಮಲಗಿದಳೆಂದು ಕೇಳುವುದಿಲ್ಲ.

ಹಾಗೆ ಕೇಳಿದವರು ಅಹಮದಾಬಾದಿನಲ್ಲಿ ಇದ್ದರು. ಮೃದುಲಾ ಸಾರಾಭಾಯಿ 1934ರಲ್ಲಿ ಜ್ಯೋತಿ ಸಂಘವನ್ನು ಕಟ್ಟಿದರು. ಗಿರಣಿ ಧಣಿಯ ಮಗಳು ಎಂಬುದನ್ನು ಗಿರಣಿಯ ಬಂಧುಗಳು ಗಮನಿಸಬೇಕು! ಹೆಂಗಸು ಸ್ವಂತ ದುಡಿಮೆಯ ಮೇಲೆ ನಿಲ್ಲಬೇಕೆಂಬುದೇ ಅವರ ಹಟ. 1937ರಲ್ಲಿ ಪುಷ್ಪಾಬೆನ್ ಮೆಹ್ತಾ ವಿಕಾಸ ಗೃಹವನ್ನು ತೆರೆದು ದಿಕ್ಕಿಲ್ಲದ ಸ್ತ್ರೀಯರಿಗೆ ನೆರಳು ಕೊಟ್ಟರು.

ದೇಶವಿಭಜನೆಯಾದ ಮೇಲೆ ಅಪಹೃತ ಸ್ತ್ರೀಯರನ್ನು ಹುಡುಕಿ ತರುವ ಕಾರ್ಯಕ್ಕೂ ಮೃದುಲಾಬೆನ್ ಮುಂದಾದರು. ಸಾವಿರಾರು ಜನರನ್ನು ಮರಳಿ ತಂದರು. ಆದರೆ 1949ರ ಕಾನೂನು ಆ ಹೆಂಗಸಿನ ಮನಸ್ಸೇನೆಂದು ಕೇಳಲಿಲ್ಲ. ಒಲ್ಲೆನೆಂದವಳನ್ನೂ ಕಳಿಸಿದ್ದುಂಟು. ಉಪಕಾರ ಮಾಡುವವರೂ ಹೀಗೆ ಎಡವುತ್ತಾರೆ.

ಈ ತೊಡಕು ಇಂದಿಗೂ ಹರಿದಿಲ್ಲ. ಮೂರೂ ನಗರಗಳಲ್ಲಿ ಸರಕಾರದ ನಾರಿ ಸಂರಕ್ಷಣ ಗೃಹಗಳಿವೆ. 1956ರ ಅನೈತಿಕ ವ್ಯವಹಾರ ತಡೆ ಕಾನೂನು, ಈಗಿರುವಂತೆ, ಬಿಡಿಸಿ ತಂದವಳನ್ನು ಅಂಥ ಮನೆಯಲ್ಲಿ 1ರಿಂದ 3 ವರ್ಷ ಇರಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುತ್ತದೆ. ತಪ್ಪು ಮಾಡದವಳಿಗೆ ಬೀಗವೇ ಎಂದು ನಾವೂ ಕೋಪಿಸಿಕೊಂಡೆವು. ಆದರೆ ಮಾರಿದವನೇ ‘ನಾನು ಇವಳ ಸೋದರಮಾವ’ ಎಂದು ಬಾಗಿಲಿಗೆ ಬಂದು ನಿಲ್ಲುವುದೂ ಉಂಟು. ಕಾವಲು ಬೇಕು, ಆದರೆ ಅದು ಹೊರಗಿನವನನ್ನು ತಡೆಯಲಿ, ಒಳಗಿನವಳ ಬಾಯಿ ಮುಚ್ಚದಿರಲಿ.

ಇನ್ನು ಮಕ್ಕಳ ಮಾತು. ಸೂರತ್ತಿನ ಸೀರೆ ಕೆಲಸದ ಕೋಣೆಗಳಿಂದ ಮಕ್ಕಳನ್ನು ಬಿಡಿಸಿದ ಸುದ್ದಿ ಹಲವು ಬಾರಿ ಬಂದಿದೆ. ತಂದೆ ಮುಂಗಡ ಪಡೆದಿದ್ದರೆ, ಬರಿಗೈಯಲ್ಲಿ ಊರಿಗೆ ಹೋದ ಹುಡುಗ ಮುಂದಿನ ರೈಲಿಗೇ ತಿರುಗಿ ಹತ್ತುತ್ತಾನೆ. ಜೀತಮುಕ್ತರಿಗಾಗಿ ಇರುವ 2016ರ ಯೋಜನೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಘೋರ ಶೋಷಣೆಗೆ ಸಿಕ್ಕವರಿಗೆ 3 ಲಕ್ಷ ರೂಪಾಯಿ ಎಂದಿದೆ. ಸಾಗಾಟಕ್ಕೆ ಬಲಿಯಾದವರಿಗೆ ಉಚಿತ ವಕೀಲರ ನೆರವು 1987ರ ಕಾನೂನಿನಂತೆ ಹಕ್ಕು. ಅರ್ಜಿ ಬರೆಯುವವರಿಲ್ಲದೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ನಾವೇನು ಮಾಡಬಲ್ಲೆವು? ಹೋಟೆಲಿನಲ್ಲಾಗಲಿ ನಿಲ್ದಾಣದಲ್ಲಾಗಲಿ ಬೆದರಿದ ಮುಖ ಕಂಡರೆ, ಕನಿಕರದಿಂದ ನಮ್ಮ ಖೋಲಿಗೆ ಕರೆದೊಯ್ಯಬಾರದು. ಮಕ್ಕಳಾದರೆ 1098ಕ್ಕೆ, ಹೆಂಗಸರಾದರೆ 181ಕ್ಕೆ ತಿಳಿಸಬೇಕು. ಆಶ್ರಯದಿಂದ ಹೊರಬಂದವಳು ಅಡಿಗೆಮನೆಯಲ್ಲಿ ಕೆಲಸ ಕೇಳಿದರೆ ಹಿಂದಿನ ಕಥೆ ಕೆದಕದೆ ಸರಿಯಾದ ಪಗಾರ ಕೊಡಿರೆಂದು ಹೋಟೆಲು ನಡೆಸುವ ಅಣ್ಣಂದಿರನ್ನು ಬೇಡುತ್ತೇವೆ.

ಮತ್ತೊಂದು ಕೆಲಸ ನಮ್ಮಿಂದಲೇ ಆಗಬೇಕು. ಕನ್ನಡವೋ ತುಳುವೋ ಮಾತ್ರ ಬಲ್ಲ ಹುಡುಗಿ ಗುಜರಾತಿನ ಗೃಹವೊಂದರಲ್ಲಿ ಕುಳಿತಿದ್ದರೆ, ಅವಳ ಮಾತನ್ನು ಮ್ಯಾಜಿಸ್ಟ್ರೇಟರಿಗೆ ಮುಟ್ಟಿಸುವವರು ಯಾರು? ಕರೆ ಬಂದ ದಿನ ರೈಲು ಹತ್ತಬಲ್ಲ, ಹಿಂದಿಯೋ ಗುಜರಾತಿಯೋ ಬಲ್ಲ ಸೋದರಿಯರು ನಾಲ್ಕು ಜನ ಸಾಕು. ದಾರಿಖರ್ಚು ಸಂಘದ್ದು. ಸಭೆ ಮುಗಿದೊಡನೆ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಿರಿ.