ಸಾಲದ ಡಿಕ್ರಿ ಬಂದರೆ ಯಾವುದು ಜಪ್ತಿಯಾಗಬಹುದು, ಯಾವುದು ಆಗಕೂಡದು?



ಮಳೆ ಕೈಕೊಟ್ಟಿತು, ಬೆಳೆ ಹೋಯಿತು, ತಂದ ಕೈಸಾಲ ತೀರಲಿಲ್ಲ. ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಡಿಕ್ರಿ ಪಡೆದರು ಅಂತ ಇಟ್ಟುಕೊಳ್ಳಿ. ಆಗ ಮನೆಮಂದಿಗೆಲ್ಲ ಒಂದೇ ಹೆದರಿಕೆ: ಎತ್ತು ಹೊಡೆದುಕೊಂಡು ಹೋಗುತ್ತಾರೆ, ಮನೆ ಬಿಡಿಸುತ್ತಾರೆ, ಕೂಲಿ ದುಡ್ಡನ್ನೂ ಬಿಡುವುದಿಲ್ಲ. ಈ ಹೆದರಿಕೆಗೇ ಕೆಲವರು ಇದ್ದ ಎತ್ತನ್ನು ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಮಾರಿಬಿಡುತ್ತಾರೆ. ಮುಂದಿನ ವರ್ಷ ಉಳುವುದು ಯಾವುದರಿಂದ? ಹಾಗೆ ಮಾಡುವ ಮೊದಲು ಕಾಯಿದೆ ಏನು ಹೇಳುತ್ತದೆ, ಕೇಳಿ.

ಸಾಲಗಾರನ ಸ್ವತ್ತನ್ನು ಹೇಗೆ ಜಪ್ತಿ ಮಾಡಬೇಕೆಂಬುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಅಡವಿಲ್ಲದ ಕೈಸಾಲಕ್ಕೆ ಕೋರ್ಟಿನ ಆಜ್ಞೆ ಇಲ್ಲದೆ ಯಾರೂ ನಿಮ್ಮ ಸಾಮಾನು ಹೊರುವ ಹಾಗಿಲ್ಲ. ಆಜ್ಞೆ ಹಿಡಿದು ಬಂದ ಅಮೀನನೂ ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಸಾಮಾನು ಜಪ್ತಿಗೆಂದು ವಾಸದ ಮನೆಯೊಳಗೆ ಕಾಲಿಡಕೂಡದು.

ಯಾವುದನ್ನು ಜಪ್ತಿ ಮಾಡಕೂಡದೆಂದು ಅದೇ ಕಾಯಿದೆಯ 60ನೇ ಕಲಮು ಹೇಳುತ್ತದೆ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಹೊದಿಕೆಗಳಲ್ಲಿ ಅಗತ್ಯವಾದಷ್ಟನ್ನು ಮುಟ್ಟುವಂತಿಲ್ಲ. ಧರ್ಮದ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ, ತಾಳಿಯಂಥದ್ದನ್ನು, ಮುಟ್ಟುವಂತಿಲ್ಲ. ಒಕ್ಕಲುತನದವನಾದರೆ ನೇಗಿಲು, ಕುಂಟೆ, ಕೂರಿಗೆಗಳಂಥ ಸಲಕರಣೆಗಳು ಅವನಿಗೇ ಉಳಿಯುತ್ತವೆ. ಅವನ ಜೀವನಕ್ಕೆ ಬೇಕೇ ಬೇಕೆಂದು ಕೋರ್ಟಿಗೆ ತೋರಿದಷ್ಟು ದನಗಳೂ ಬಿತ್ತನೆ ಬೀಜವೂ ಹಾಗೆಯೇ. ಅವನು ವಾಸವಾಗಿರುವ ಸ್ವಂತ ಮನೆಗೂ ರಕ್ಷಣೆ ಉಂಟು.

ಇನ್ನು ಕೂಲಿಯ ವಿಷಯ. ಕೂಲಿಕಾರನ ಕೂಲಿ, ಅದು ದುಡ್ಡಾಗಿರಲಿ ಕಾಳಾಗಿರಲಿ, ಸ್ವಲ್ಪವೂ ಜಪ್ತಿಯಾಗದು. ಸಾಲ ತೀರುವವರೆಗೆ ನಮ್ಮಲ್ಲೇ ದುಡಿ ಎಂದು ಆಳನ್ನು ಜೀತಕ್ಕೆ ಹಿಡಿದಿಡುವುದಂತೂ 1976ರ ಕಾಯಿದೆಯ ಪ್ರಕಾರ ಅಪರಾಧ.

ತಿಂಗಳ ಸಂಬಳಕ್ಕೆ ಬೇರೆ ಲೆಕ್ಕ. ಮೊದಲ 1,000 ರೂಪಾಯಿಯನ್ನೂ ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ಬಿಡಬೇಕು. ನಿಮ್ಮ ಮಗನಿಗೆ ಲೆಕ್ಕಕ್ಕೆ ಬರುವ ಸಂಬಳ 16,000 ರೂಪಾಯಿ ಎನ್ನಿ. 1,000 ಕಳೆದರೆ 15,000 ಉಳಿಯಿತು. ಅದರ ಎರಡು ಪಾಲು 10,000. ಅಲ್ಲಿಗೆ 11,000 ಅವನ ಕೈಗೆ, ಹೆಚ್ಚೆಂದರೆ 5,000 ಸಾಲಕ್ಕೆ. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಆಮೇಲೆ ಆ ಡಿಕ್ರಿಗಾಗಿ ಅವನ ಸಂಬಳವನ್ನು ಮತ್ತೆ ಹಿಡಿಯುವಂತಿಲ್ಲ. ಆದರೆ ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಇಷ್ಟು ರಿಯಾಯಿತಿ ಇಲ್ಲ. ಆಗ ಸಂಬಳದ ಮೂರನೇ ಒಂದು ಪಾಲು ಮಾತ್ರ ಅವನಿಗೆ ಉಳಿಯುತ್ತದೆ.

ಹಾಗಾದರೆ ಸಾಲ ಕಟ್ಟದಿದ್ದರೂ ನಡೆಯುತ್ತದೆಯೇ ಅಂತ ಕೇಳಬಹುದು. ಇಲ್ಲ, ಹಾಗೆ ತಿಳಿಯಬೇಡಿ. ಜಪ್ತಿ ನಿಂತರೂ ಸಾಲ ನಿಲ್ಲುವುದಿಲ್ಲ. ಹೊಲ ಗದ್ದೆಗಳಿಗೆ ಈ ಕಲಮಿನ ರಕ್ಷಣೆ ಇಲ್ಲ. ಮನೆಯನ್ನೇ ಅಡವಿಟ್ಟು ಸಾಲ ತಂದಿದ್ದರೆ ಆ ಅಡವಿನ ಸಾಲಕ್ಕೆ ಮನೆ ಹರಾಜಾಗಬಹುದು. ಸರ್ಕಾರಕ್ಕೆ ಕೊಡಬೇಕಾದ ಕಂದಾಯದ ಬಾಕಿಗೂ ಬೇರೆ ಕಾಯಿದೆ ಇದೆ. ಆದುದರಿಂದ ಅಡವಿನ ಪತ್ರಕ್ಕೆ ರುಜು ಹಾಕುವ ಮೊದಲು ಓದಿಸಿ ಕೇಳಿ. ಈ 60ನೇ ಕಲಮಿನ ರಿಯಾಯಿತಿ ನನಗೆ ಬೇಡವೆಂದು ಯಾರಾದರೂ ಮೊದಲೇ ಬರೆಸಿಕೊಂಡಿದ್ದರೆ ಹೆದರಬೇಡಿ, ಅಂಥ ಕರಾರು ಅಸಿಂಧು.

ಮುಖ್ಯವಾದ ಮಾತು ಇನ್ನೊಂದಿದೆ. ಈ ರಿಯಾಯಿತಿಗಳನ್ನು ಕೇಳಿ ಪಡೆಯಬೇಕು. ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ಎತ್ತಿವೆ, ಅವಿಲ್ಲದೆ ಬೇಸಾಯ ನಡೆಯುತ್ತದೋ ಇಲ್ಲವೋ, ಕೋರ್ಟಿಗೆ ಹೇಗೆ ಗೊತ್ತಾಗಬೇಕು? ಸಮನ್ಸು ಬಂದಾಗ ತಪ್ಪಿಸಿಕೊಂಡು ತಿರುಗಬೇಡಿ. ನೋಟೀಸು ಕೈಗೆ ಬಂದ ಕೂಡಲೇ ಪಹಣಿ, ಸಂಬಳದ ಚೀಟಿ, ಸಾಲ ಕಟ್ಟಿದ ರಸೀದಿ ಜೋಡಿಸಿಕೊಂಡು ವಕೀಲರನ್ನು ಕಾಣಿರಿ, ತಕರಾರು ಅರ್ಜಿ ಕೊಡಿರಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ವರಮಾನ ಕಡಿಮೆ ಇರುವವರಿಗೆ ಅಲ್ಲಿ ಪುಕ್ಕಟೆ ನೆರವು ಸಿಗುತ್ತದೆ.

ಜೈಲಿನ ಭಯವೂ ಬೇಡ. ಕಟ್ಟಲು ಶಕ್ತಿಯೇ ಇಲ್ಲದವನನ್ನು ಬಡತನವೊಂದೇ ಕಾರಣಕ್ಕೆ ಸಿವಿಲ್ ಜೈಲಿಗೆ ಹಾಕಕೂಡದೆಂದು ಸುಪ್ರೀಂ ಕೋರ್ಟು 1980ರಲ್ಲೇ ತೀರ್ಪು ಕೊಟ್ಟಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನಂತೂ ಬಂಧಿಸುವಂತೆಯೇ ಇಲ್ಲ.

ಸಾಲ ತೀರಿಸುವುದು ನಮ್ಮ ಧರ್ಮ. ಆದರೆ ಎತ್ತು, ಬೀಜ, ನೇಗಿಲು ಉಳಿದರೆ ತಾನೇ ನಾಳೆ ಬೆಳೆ ಬಂದೀತು, ಸಾಲ ತೀರೀತು? ಈ ಮಾತನ್ನು ನೆರೆಮನೆಯವರಿಗೂ ತಿಳಿಸಿ.