ವಿದ್ಯುತ್ ಸ್ಥಾವರದ ಆಯುಷ್ಯ, ಸರ್ಕಾರದ ಅವಧಿ



ಶಿವನಸಮುದ್ರದ ಜಲವಿದ್ಯುದಾಗಾರವು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಲಾರಂಭಿಸಿತು. ಆ ಮೇಲೆ ಅರಸೊತ್ತಿಗೆ ಹೋಯಿತು, ಎಷ್ಟೋ ಸರ್ಕಾರಗಳು ಬಂದು ಹೋದವು. ವಿದ್ಯುತ್ ಸ್ಥಾವರವೊಂದರ ಆಯುಷ್ಯ ಮೂವತ್ತು ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಚುನಾಯಿತ ಸರ್ಕಾರದ ಅವಧಿಯಾದರೋ ನಾಲ್ಕೈದು ವರ್ಷ. ಇವೆರಡಕ್ಕೂ ತಾಳೆಯಾಗದಿದ್ದರೆ ಏನಾಗುತ್ತದೆ? ಅಮೆರಿಕದ ಅನುಭವವನ್ನು ನೋಡೋಣ.

1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆ ನಿಲ್ಲಿಸಿದಾಗ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಉದ್ದನೆಯ ಸಾಲು ನಿಂತಿತು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರಲ್ಲಿ ಇಂಧನ ಇಲಾಖೆಯನ್ನು ಸ್ಥಾಪಿಸಿದರು. 1979ರಲ್ಲಿ ಶ್ವೇತಭವನದ ಛಾವಣಿಯ ಮೇಲೆ ನೀರು ಕಾಯಿಸುವ 32 ಸೌರ ಫಲಕಗಳನ್ನು ಹಾಕಿಸಿದರು. ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಅವರ ಕಾಲದಲ್ಲಿ, 1986ರಲ್ಲಿ, ಛಾವಣಿಯ ದುರಸ್ತಿಗೆಂದು ಇಳಿಸಿದ ಆ ಫಲಕಗಳು ಮತ್ತೆ ಮೇಲೇರಲಿಲ್ಲ.

ಫಲಕಗಳು ಸಂಕೇತ ಮಾತ್ರ. ನಿಜವಾದ ನಷ್ಟ ಬೇರೆಡೆ ಇದೆ. ಗಾಳಿ ವಿದ್ಯುತ್ತಿಗೆ 1992ರ ಕಾನೂನು ತೆರಿಗೆ ರಿಯಾಯಿತಿ ಕೊಟ್ಟಿತು. ಆದರೆ ಅದು ಅಲ್ಪಾವಧಿಯದು. ಅವಧಿ ಮುಗಿಯುವಾಗಲೆಲ್ಲ ಸಂಸತ್ತಿನಲ್ಲಿ ಹಗ್ಗಜಗ್ಗಾಟ. 2012ರ ಕೊನೆಗೆ ರಿಯಾಯಿತಿ ಮುಗಿಯಲಿತ್ತು. ಕಂಪನಿಗಳು ಅವಸರವಸರವಾಗಿ ಆ ವರ್ಷ ಸುಮಾರು 13,000 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ನಿಲ್ಲಿಸಿದವು. 2013ರಲ್ಲಿ ನಿಂತದ್ದು ಸುಮಾರು 1,000 ಮೆಗಾವಾಟ್ ಮಾತ್ರ! ಗಾಳಿ ಕಡಿಮೆಯಾಗಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ರಿಯಾಯಿತಿ ಮುಂದುವರಿದದ್ದು 2013ರ ಜನವರಿಯಲ್ಲಿ. ಅಷ್ಟರಲ್ಲಿ ಹೊಸ ಬೇಡಿಕೆಗಳು ಬತ್ತಿಹೋಗಿದ್ದವು. ಜಮೀನು, ಸಾಲ, ಯಂತ್ರ ಇವನ್ನೆಲ್ಲ ಹೊಂದಿಸಲು ತಿಂಗಳುಗಟ್ಟಲೆ ಬೇಕಲ್ಲವೇ?

ಈಚಿನ ಕಥೆಯೂ ಇದೇ. 2022ರಲ್ಲಿ ಶುದ್ಧ ಇಂಧನಕ್ಕೆ ಭಾರೀ ನೆರವು ನೀಡಿದ ಕಾಯಿದೆಗೆ ಒಂದೂ ರಿಪಬ್ಲಿಕನ್ ಮತ ಬೀಳಲಿಲ್ಲ. 2025ರ ಜುಲೈನಲ್ಲಿ ಆ ನೆರವನ್ನು ಬಹುಮಟ್ಟಿಗೆ ಮೊಟಕುಗೊಳಿಸಿದ ಕಾಯಿದೆಗೆ ಒಂದೂ ಡೆಮಾಕ್ರಟಿಕ್ ಮತ ಬೀಳಲಿಲ್ಲ.

ಹಾಗಾದರೆ ಇಂಧನದ ವಿಷಯವನ್ನು ರಾಜಕೀಯದಿಂದ ದೂರವಿಟ್ಟು ವಿಜ್ಞಾನಿಗಳಿಗೆ ಒಪ್ಪಿಸಿಬಿಡಬಹುದೇ? ಅದೂ ಸರಿಯಲ್ಲ. ಕಲ್ಲಿದ್ದಲು ಉರಿದರೆ ಎಷ್ಟು ಅನಿಲ ಹೊರಬರುತ್ತದೆಂದು ವಿಜ್ಞಾನ ಹೇಳಬಲ್ಲದು. ಗಣಿ ಮುಚ್ಚಿದರೆ ಕಾರ್ಮಿಕನ ಗತಿಯೇನು, ಬದಲಾವಣೆಯ ಖರ್ಚನ್ನು ಯಾರು ಹೊರಬೇಕು ಎಂಬುದನ್ನು ಜನರೇ ತಮ್ಮ ಪ್ರತಿನಿಧಿಗಳ ಮೂಲಕ ತೀರ್ಮಾನಿಸಬೇಕು.

ಟೆಕ್ಸಸ್ ರಾಜ್ಯ ಇಲ್ಲಿ ದಾರಿ ತೋರುತ್ತದೆ. ಅದು ತೈಲದ ನಾಡು, ರಿಪಬ್ಲಿಕನ್ನರ ಕೋಟೆ. 1999ರಲ್ಲಿ ಅಲ್ಲಿನ ರಾಜ್ಯಪಾಲ ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯಿದೆ ನವೀಕರಿಸಬಹುದಾದ ಇಂಧನಕ್ಕೆ ಗುರಿ ನಿಗದಿಪಡಿಸಿತು. ಆಮೇಲೆ ಗಾಳಿ ಬೀಸುವ ಪಶ್ಚಿಮ ಭಾಗದಿಂದ ನಗರಗಳಿಗೆ ವಿದ್ಯುತ್ ಮಾರ್ಗಗಳನ್ನು ಎಳೆಯಲಾಯಿತು. ಜಮೀನಿನವರಿಗೆ ಬಾಡಿಗೆ ಬಂತು, ಊರಿಗೆ ತೆರಿಗೆ ಬಂತು. ಇಂದು ಅಮೆರಿಕದಲ್ಲಿ ಅತಿ ಹೆಚ್ಚು ಗಾಳಿ ವಿದ್ಯುತ್ ಉತ್ಪಾದಿಸುವ ರಾಜ್ಯ ಅದೇ. ಲಾಭ ಎಲ್ಲ ಪಕ್ಷದವರ ಮನೆಗೂ ತಲುಪಿದರೆ ನೀತಿಗೆ ಬೇರು ಬರುತ್ತದೆ.

ಮಿತ್ರರೇ, ನೀವು ನಾಳಿನ ಮತದಾರರು. ವಿದ್ಯುತ್ತಿನ ಬಗ್ಗೆ ಯಾವುದೇ ಪಕ್ಷ ಭರವಸೆ ಕೊಟ್ಟಾಗ ಎರಡು ಪ್ರಶ್ನೆ ಕೇಳಿ: ಇದರ ಖರ್ಚು ಯಾರದು? ಈ ಸರ್ಕಾರ ಹೋದ ಮೇಲೂ ಇದು ಉಳಿಯುತ್ತದೆಯೇ?