ಹಾನಗಲ್ ಎಂಬ ಅಡ್ಡಹೆಸರು



ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಕೇಳಿದರೆ ಸಾಕು, ಊರು ತಿಳಿಯುತ್ತದೆ ಎನ್ನುವುದುಂಟು. ಬಹುಮಟ್ಟಿಗೆ ನಿಜ. ಆದರೆ ‘ಶೋಲೆ’ (1975) ಚಿತ್ರದ ರಹೀಮ್ ಚಾಚಾ, ಎ.ಕೆ. ಹಂಗಲ್ ಅವರನ್ನು ನಮ್ಮವರೆಂದು ಭಾವಿಸಿದವರು ಬಹಳ. ಇಂಗ್ಲಿಷಿನಲ್ಲಿ ಹಂಗಲ್, ಹಾನಗಲ್ ಎರಡರ ಕಾಗುಣಿತವೂ ಒಂದೇ. ಚಿತ್ರೀಕರಣ ನಡೆದದ್ದೂ ನಮ್ಮ ರಾಮನಗರದಲ್ಲಿ! ಅವರು ಹುಟ್ಟಿದ್ದು ಸಿಯಾಲ್‌ಕೋಟೆಯಲ್ಲಿ, ಕಾಶ್ಮೀರಿ ಪಂಡಿತರ ಮನೆತನದಲ್ಲಿ. ಕಾಶ್ಮೀರದಲ್ಲಿ ‘ಹಂಗುಲ್’ ಎಂದರೆ ಒಂದು ಜಾತಿಯ ಜಿಂಕೆ.

ನಮ್ಮದು ಊರಿನ ಹೆಸರು. ಇಂದಿನ ಹಾವೇರಿ ಜಿಲ್ಲೆಯ, 1997ಕ್ಕೆ ಮುಂಚೆ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ಲು, ಶಾಸನಗಳಲ್ಲಿ ಪಾನುಂಗಲ್. ಪಾಲು ಹಾಲಾದಂತೆ, ಪಗಲು ಹಗಲಾದಂತೆ ಇದರ ಪಕಾರವೂ ಹಕಾರವಾಯಿತು. ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಕಂಡವರು ಮರೆಯುವುದಿಲ್ಲ. 1909ರಲ್ಲಿ ಶಿವಯೋಗಮಂದಿರ ಸ್ಥಾಪಿಸಿದ ಕುಮಾರಸ್ವಾಮಿಗಳೂ ಹಾನಗಲ್ಲಿನವರೆಂದೇ ಪ್ರಸಿದ್ಧರು.

ಇನ್ನು ಗಂಗೂಬಾಯಿ (1913–2009). ಅವರು ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಸವಾಯಿ ಗಂಧರ್ವರಲ್ಲಿ ಕಲಿಯಲು ರೈಲು ಹಿಡಿದು ಹೋಗುತ್ತಿದ್ದುದು ಕುಂದಗೋಳಕ್ಕೆ. ಹಾನಗಲ್ಲು ಪೂರ್ವಜರ ಊರು, ಅಷ್ಟೇ. ತಂದೆ ಚಿಕ್ಕೂರಾವ್ ನಾಡಗೀರ. ಬಾಳಸಂಗಾತಿ ವಕೀಲ ಗುರುರಾವ್ ಕೌಲಗಿ. ಆದರೂ ಅವರು ನಾಡಗೀರರೂ ಆಗಲಿಲ್ಲ, ಕೌಲಗಿಯೂ ಆಗಲಿಲ್ಲ. ಏಕೆ?

ದೇವದಾಸಿ ಪರಂಪರೆಯ ಮನೆಗಳಲ್ಲಿ ಹೆಸರು ನಡೆಯುತ್ತಿದ್ದುದು ತಾಯಿಯ ಕಡೆಯಿಂದ. ಮೇಲುಜಾತಿಯ ಗಂಡಸಿನ ಸಂಬಂಧ ಜಗತ್ತಿಗೆಲ್ಲ ಗೊತ್ತಿದ್ದರೂ ಅವನ ಮನೆಹೆಸರು ಆ ಹೆಣ್ಣಿಗೆ ದಕ್ಕುತ್ತಿರಲಿಲ್ಲ. ಗ್ರಾಮಫೋನು, ರೇಡಿಯೋ ಬಂದ ಮೇಲೆ ಬರೀ ‘ಬಾಯಿ’ ಎಂದರೆ ಸಾಲದಾಯಿತು. ಆಗ ಕೈಹಿಡಿದದ್ದು ಊರು. ಗೋವೆಯ ಕೇರಿಯಿಂದ ಕೇಸರ್‌ಬಾಯಿ ಕೇರ್ಕರ್, ಕುರ್ಡಿಯಿಂದ ಮೋಗೂಬಾಯಿ ಕುರ್ಡೀಕರ್. ಆ ಕುರ್ಡಿ 1980ರ ದಶಕದಲ್ಲಿ ಸಾಲಾವಳಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದಾಗ ಗೋಡೆಗಳ ಬುಡ ಕಾಣುತ್ತದೆ. ಗಾಯಕಿಯ ಹೆಸರಿನಲ್ಲಿ ಮಾತ್ರ ಊರು ಇಡಿಯಾಗಿ ಉಳಿದಿದೆ.

ಅಡ್ಡಹೆಸರೆಂದರೆ ತಂದೆಯ ಆಸ್ತಿ ಎಂದು ನಾವು ಎಣಿಸುತ್ತೇವೆ. ಈ ಹೆಂಗಸರಿಗೆ ಅದು ತಾವೇ ಹಾಡಿ ಸಂಪಾದಿಸಿದ್ದು. ಹಾನಗಲ್ಲಿಗೂ ಅದರಿಂದ ನಷ್ಟವೇನಾಗಲಿಲ್ಲ: ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯದ ಫಲಕದ ಮೇಲೂ ಆ ಊರಿದೆ.

ಗಂಗೂಬಾಯಿಯವರ ಮಗಳು ಕೃಷ್ಣಾ ತಾಯಿಯ ಹಿಂದೆ ಕುಳಿತು, ಅವರ ದನಿಗೆ ದನಿಗೂಡಿಸುತ್ತಲೇ ಬೆಳೆದವರು. 2004ರಲ್ಲಿ, ತಾಯಿಗಿಂತ ಮೊದಲೇ ತೀರಿಕೊಂಡರು. ಅವರೂ ಕೌಲಗಿಯಲ್ಲ, ಕೃಷ್ಣಾ ಹಾನಗಲ್.